ಪೊಲೀಸ್ ಸಮುದಾಯ ಸಹಾಯಕ ಅಧಿಕಾರಿ: ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ಪೊಲೀಸ್ ವ್ಯವಸ್ಥೆಯ ಒಂದು ಹುದ್ದೆಯ ಪರಿಚಯ

ಇಂಗ್ಲೆಂಡ್ ಮತ್ತು ವೇಲ್ಸ್‌ನ ನಗರ, ಪಟ್ಟಣಗಳಲ್ಲಿ ಪೊಲೀಸ್ ಸಮವಸ್ತ್ರವನ್ನೇ ಹೋಲುವ ಉಡುಪು ಧರಿಸಿ ಕಾಲ್ನಡಿಗೆಯಲ್ಲಿ ಅಥವಾ ಸೈಕಲ್ ಮೇಲೆ ಸಂಚರಿಸುವ ಒಂದು ವರ್ಗದ ಸಿಬ್ಬಂದಿಯನ್ನು ಕಾಣಬಹುದಾಗಿದೆ. ಇವರ ಬಳಿ ಲಾಠಿ ಇರುವುದಿಲ್ಲ. ಬಹುತೇಕ ಪಡೆಗಳಲ್ಲಿ ಕೈಕೋಳವೂ ಇರುವುದಿಲ್ಲ. ಕಾನ್‌ಸ್ಟೇಬಲ್‌ಗಳ ಟೋಪಿಗೆ ಕಪ್ಪು-ಬಿಳುಪು ಚೌಕಳಿಯ ಪಟ್ಟಿ ಇದ್ದರೆ ಇವರ ಟೋಪಿಗೆ ನೀಲಿ ಪಟ್ಟಿ ಇರುತ್ತದೆ. ಇವರನ್ನು ಪೊಲೀಸ್ ಸಮುದಾಯ ಸಹಾಯಕ ಅಧಿಕಾರಿ, ಸಂಕ್ಷಿಪ್ತವಾಗಿ ಪಿ.ಸಿ.ಎಸ್.ಓ. ಎಂದು ಕರೆಯಲಾಗುತ್ತದೆ. ಪೊಲೀಸ್ ಪಡೆಯಿಂದಲೇ ಸಂಬಳ ಪಡೆಯುವ, ಪೊಲೀಸ್ ಅಧಿಕಾರಿಯ ಅಧೀನದಲ್ಲಿಯೇ ಕೆಲಸ ಮಾಡುವ ಈ ಸಿಬ್ಬಂದಿಗೆ ಪೊಲೀಸರ ಅತಿ ಮುಖ್ಯ ಅಧಿಕಾರವಾದ ಬಂಧನದ ಅಧಿಕಾರವನ್ನು ಕಾನೂನು ನೀಡಿರುವುದಿಲ್ಲ.

ರಾಜ್ಯದಿಂದ ಉನ್ನತ ವ್ಯಾಸಂಗಕ್ಕಾಗಿ ಹಾಗೂ ಉದ್ಯೋಗಕ್ಕಾಗಿ ಬ್ರಿಟನ್ನಿಗೆ ತೆರಳುವವರಿಗೆ ಅಲ್ಲಿ ಮೊದಲು ಎದುರಾಗುವ ಪೊಲೀಸ್ ಸಿಬ್ಬಂದಿ ಅನೇಕ ವೇಳೆ ಇವರೇ ಆಗಿರುತ್ತಾರೆ. ಅಲ್ಲದೆ ನಮ್ಮ ರಾಜ್ಯದಲ್ಲಿ ಬೀಟ್ ವ್ಯವಸ್ಥೆಯ ಸುಧಾರಣೆಯ ಕುರಿತು ಚರ್ಚೆ ನಡೆದಾಗಲೆಲ್ಲ ಈ ಹುದ್ದೆಯ ಪ್ರಸ್ತಾಪ ಬರುವುದುಂಟು. ಆದುದರಿಂದ ಇದರ ಸ್ವರೂಪ, ಅಧಿಕಾರ ಮತ್ತು ಇತಿಮಿತಿಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಈ ಹುದ್ದೆಯನ್ನು ನಮ್ಮ ಗೃಹರಕ್ಷಕ ದಳಕ್ಕೆ ಹೋಲಿಸುವುದು ಸಾಮಾನ್ಯ. ಹೋಲಿಕೆ ಸ್ವಲ್ಪ ಮಟ್ಟಿಗೆ ಮಾತ್ರ ಸರಿ. 1962ರ ಅಧಿನಿಯಮದಡಿ ರಚಿತವಾಗಿರುವ ನಮ್ಮ ಗೃಹರಕ್ಷಕರು ಕರ್ತವ್ಯಕ್ಕೆ ಕರೆದಾಗ ಬಂದು ಭತ್ಯೆ ಪಡೆಯುವ ಸ್ವಯಂಸೇವಕರು. ಪಿ.ಸಿ.ಎಸ್.ಓ. ಆದರೋ ತಿಂಗಳ ಸಂಬಳದ ನೌಕರ. ಒಂದು ನಿರ್ದಿಷ್ಟ ಬಡಾವಣೆಗೆ ನಿಯೋಜಿತನಾಗಿ, ವರ್ಷಗಟ್ಟಲೆ ಅಲ್ಲಿಯೇ ಇರಬೇಕೆಂಬುದು ಈ ಹುದ್ದೆಯ ಮೂಲ ಉದ್ದೇಶ.

ಹುದ್ದೆಯ ಹಿನ್ನೆಲೆ

1829ರಲ್ಲಿ ಸರ್ ರಾಬರ್ಟ್ ಪೀಲ್ ಅವರು ಲಂಡನ್ ಮಹಾನಗರ ಪೊಲೀಸ್ ಪಡೆಯನ್ನು ಸ್ಥಾಪಿಸಿದಾಗ ಅದರ ಕೆಲಸವೆಂದರೆ ಮುಖ್ಯವಾಗಿ ಬೀದಿಯಲ್ಲಿ ನಡೆಯುವುದೇ ಆಗಿತ್ತು. ಕಾನ್‌ಸ್ಟೇಬಲ್ ತನಗೆ ಗೊತ್ತುಪಡಿಸಿದ ದಾರಿಯಲ್ಲಿ ನಿಗದಿತ ವೇಗದಲ್ಲಿ ನಡೆಯುತ್ತಿದ್ದನು. 1960ರ ದಶಕದ ಉತ್ತರಾರ್ಧದಲ್ಲಿ ಕಾರು ಮತ್ತು ವೈರ್‌ಲೆಸ್ ಬಂದವು. ಕರೆ ಬಂದ ಕೂಡಲೇ ಸ್ಥಳಕ್ಕೆ ಧಾವಿಸುವುದು ಸಾಧ್ಯವಾಯಿತು. ಅದರ ಇನ್ನೊಂದು ಮುಖವೆಂದರೆ, ಏನಾದರೂ ಅನಾಹುತವಾದಾಗ ಮಾತ್ರ ಪೊಲೀಸರು ಜನರ ಕಣ್ಣಿಗೆ ಬೀಳತೊಡಗಿದರು. ಕಾರಿನ ಗಾಜಿನ ಹಿಂದೆ ಕುಳಿತವರೊಡನೆ ಯಾರೂ ಮಾತನಾಡಲು ನಿಲ್ಲುವುದಿಲ್ಲ.

1990ರ ದಶಕದ ಮಧ್ಯಭಾಗದ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧಗಳು ಇಳಿಮುಖವಾದುದು ಅಲ್ಲಿನ ರಾಷ್ಟ್ರೀಯ ಅಪರಾಧ ಸಮೀಕ್ಷೆಯಿಂದ ತಿಳಿದುಬಂದಿತು. ಆದರೆ ಅಪರಾಧ ಹೆಚ್ಚುತ್ತಿದೆ ಎಂದೇ ಬಹುಪಾಲು ಜನರು ನಂಬಿದ್ದರು. ಅಂಕಿ-ಅಂಶಕ್ಕೂ ಜನರ ಮನಸ್ಸಿಗೂ ನಡುವಿನ ಈ ಅಂತರವನ್ನು ತುಂಬಲು ಬೀದಿಯಲ್ಲಿ ಸಮವಸ್ತ್ರ ಕಾಣಬೇಕು ಎಂಬ ಅಭಿಪ್ರಾಯ ಬಲಗೊಂಡಿತು. ಪೂರ್ಣ ತರಬೇತಿ ಪಡೆದ ಕಾನ್‌ಸ್ಟೇಬಲ್‌ಗಳನ್ನು ಆ ಕೆಲಸಕ್ಕೆ ಬಿಡುವಷ್ಟು ಹಣವೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಡೇವಿಡ್ ಬ್ಲಂಕೆಟ್ ಅವರು ಗೃಹ ಸಚಿವರಾಗಿದ್ದಾಗ ಅಂಗೀಕೃತವಾದ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 38ನೇ ಪ್ರಕರಣವು ಈ ಹೊಸ ಹುದ್ದೆಗೆ ಅವಕಾಶ ಕಲ್ಪಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಂಡನ್ ಮಹಾನಗರ ಪೊಲೀಸ್ ಪಡೆಯ ಮೊದಲ ತಂಡವು ತರಬೇತಿಗೆ ಸೇರಿತು. ಪೊಲೀಸರ ಸಂಘವು ಇದನ್ನು ಅಗ್ಗದ ಪೊಲೀಸ್ ವ್ಯವಸ್ಥೆ ಎಂದು ಕರೆದು ವಿರೋಧಿಸಿತು.

2005ರ ಚುನಾವಣೆಯಲ್ಲಿ ಆಡಳಿತ ಪಕ್ಷವು 24,000 ಸಮುದಾಯ ಸಹಾಯಕ ಅಧಿಕಾರಿಗಳ ನೇಮಕಾತಿಯ ಭರವಸೆ ನೀಡಿತ್ತು. ಮುಂದೆ ಈ ಗುರಿಯನ್ನು 16,000ಕ್ಕೆ ಇಳಿಸಲಾಯಿತು. 2008ರ ವೇಳೆಗೆ ಪ್ರತಿಯೊಂದು ಪ್ರದೇಶಕ್ಕೂ ಒಂದು ಸ್ಥಳೀಯ ಪೊಲೀಸ್ ತಂಡ ಎಂಬ ವ್ಯವಸ್ಥೆ ದೇಶದಾದ್ಯಂತ ಜಾರಿಗೆ ಬಂದಿತು. ಲಂಡನ್ನಿನಲ್ಲಿ ಒಂದು ವಾರ್ಡಿಗೆ ಒಬ್ಬ ಸಾರ್ಜೆಂಟ್, ಇಬ್ಬರು ಕಾನ್‌ಸ್ಟೇಬಲ್, ಮೂವರು ಸಮುದಾಯ ಸಹಾಯಕ ಅಧಿಕಾರಿಗಳು ಎಂಬ ಲೆಕ್ಕವಿತ್ತು. ತಂಡದ ಅರ್ಧದಷ್ಟು ಜನ ಬಂಧನದ ಅಧಿಕಾರವಿಲ್ಲದವರೇ ಆಗಿದ್ದರೆಂಬುದು ಗಮನಾರ್ಹ.

ಅಧಿಕಾರದ ವ್ಯಾಪ್ತಿ

ಈ ಹುದ್ದೆಯವರಿಗೆ ಅಧಿಕಾರ ನೀಡುವವರು ಆಯಾ ಪಡೆಯ ಚೀಫ್ ಕಾನ್‌ಸ್ಟೇಬಲ್. ಹೆಸರು ಕೇಳಿ ನಮ್ಮ ಹೆಡ್ ಕಾನ್‌ಸ್ಟೇಬಲ್ ಎಂದು ಭಾವಿಸಬಾರದು. ಅಲ್ಲಿ ಚೀಫ್ ಕಾನ್‌ಸ್ಟೇಬಲ್ ಎಂದರೆ ಇಡೀ ಪಡೆಯ ಮುಖ್ಯಸ್ಥ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 43 ಪ್ರಾದೇಶಿಕ ಪಡೆಗಳಿದ್ದು, ಮೊದಲ ವರ್ಷಗಳಲ್ಲಿ ಒಂದೊಂದು ಪಡೆಯೂ ತನಗೆ ಸರಿಕಂಡಷ್ಟು ಅಧಿಕಾರವನ್ನು ನೀಡುತ್ತಿದ್ದುದರಿಂದ, ಒಂದು ಪಟ್ಟಣದ ಅಧಿಕಾರಿಗೆ ಇದ್ದ ಅಧಿಕಾರ ಪಕ್ಕದ ಪಟ್ಟಣದವನಿಗೆ ಇಲ್ಲದಂತಹ ಸ್ಥಿತಿಯಿತ್ತು. ಈ ಗೊಂದಲವನ್ನು ನಿವಾರಿಸಲು 2007ರ ಡಿಸೆಂಬರ್‌ನಿಂದ 20 ಅಧಿಕಾರಗಳನ್ನು ಎಲ್ಲೆಡೆ ಸಮಾನವಾಗಿ ನೀಡಲಾಯಿತು. 2017ರ ಪೊಲೀಸ್ ಮತ್ತು ಅಪರಾಧ ಕಾಯ್ದೆಯು ಇದೇ ವಿಷಯವನ್ನು ಬೇರೊಂದು ತುದಿಯಿಂದ ಹಿಡಿಯಿತು. ಯಾವ ಅಧಿಕಾರಗಳನ್ನು ಕೊಡಲೇಬಾರದೆಂದು ಪಟ್ಟಿ ಮಾಡಿ, ಉಳಿದವುಗಳಲ್ಲಿ ಆಯ್ಕೆಯನ್ನು ಪಡೆಯ ಮುಖ್ಯಸ್ಥರಿಗೇ ಬಿಟ್ಟಿತು. ಕೊಡಬಾರದವುಗಳ ಪಟ್ಟಿಯಲ್ಲಿ ಬಂಧನದ ಅಧಿಕಾರವೂ ಸೇರಿದೆ.

ಕಸ ಎಸೆಯುವುದು, ನಾಯಿಯ ಹೊಲಸನ್ನು ತೆಗೆಯದೆ ಬಿಡುವುದು, ಪಾದಚಾರಿ ಮಾರ್ಗದಲ್ಲಿ ಸೈಕಲ್ ಓಡಿಸುವುದು ಮುಂತಾದ ಸಣ್ಣ ಅಪರಾಧಗಳಿಗೆ ಸ್ಥಳದಲ್ಲಿಯೇ ನಿಗದಿತ ದಂಡದ ಚೀಟಿ ನೀಡಬಹುದು. ನಿಷೇಧಿತ ಪ್ರದೇಶದಲ್ಲಿ ಕುಡಿಯುವವರಿಂದ ಮದ್ಯವನ್ನೂ, 16 ವರ್ಷದೊಳಗಿನವರಿಂದ ತಂಬಾಕನ್ನೂ ವಶಪಡಿಸಿಕೊಳ್ಳಬಹುದು. ಅಡ್ಡಾದಿಡ್ಡಿ ಓಡಿಸಿ ಜನರಿಗೆ ತೊಂದರೆ ಕೊಡುವ ವಾಹನವನ್ನು ವಶಕ್ಕೆ ಪಡೆಯಬಹುದು, ಸಂಚಾರ ನಿಯಂತ್ರಿಸಬಹುದು, ಘಟನಾ ಸ್ಥಳಕ್ಕೆ ಜನ ನುಗ್ಗದಂತೆ ಕಾವಲು ನಿಲ್ಲಬಹುದು. ಪ್ರಾಣ ರಕ್ಷಣೆಗಾಗಿ ಅಥವಾ ಆಸ್ತಿಗೆ ಆಗುವ ಗಂಭೀರ ಹಾನಿಯನ್ನು ತಪ್ಪಿಸುವುದಕ್ಕಾಗಿ ಕಟ್ಟಡದೊಳಗೆ ಪ್ರವೇಶಿಸಬಹುದು. ಸಮಾಜಘಾತುಕ ವರ್ತನೆಯಲ್ಲಿ ತೊಡಗಿದವರ ಹೆಸರು, ವಿಳಾಸ ಕೇಳಬಹುದು.

ಕೇಳಿದಾಗ ಹೇಳದಿದ್ದರೆ? ಇಲ್ಲಿಯೇ ಈ ಹುದ್ದೆಯ ಗಡಿ ಇರುವುದು. ಹೆಸರು, ವಿಳಾಸ ನೀಡಲು ನಿರಾಕರಿಸುವ ಅಥವಾ ಸುಳ್ಳು ಹೇಳುತ್ತಿರುವನೆಂದು ನಂಬಲು ಕಾರಣವಿರುವ ವ್ಯಕ್ತಿಯನ್ನು, ಈ ಅಧಿಕಾರ ಪಡೆದಿರುವ ಅಧಿಕಾರಿಯು ಕಾನ್‌ಸ್ಟೇಬಲ್ ಬರುವವರೆಗೆ ಗರಿಷ್ಠ 30 ನಿಮಿಷಗಳ ಕಾಲ ನಿಲ್ಲಿಸಿಕೊಳ್ಳಬಹುದು. ಅಷ್ಟರೊಳಗೆ ಕಾನ್‌ಸ್ಟೇಬಲ್ ಬಾರದಿದ್ದಲ್ಲಿ ಬಿಟ್ಟುಕೊಡಬೇಕು. ಹಾಗೆ ನಿಲ್ಲಿಸಿದಾಗ ಓಡಿಹೋಗುವುದು ಅಪರಾಧ. ಇವರ ಮೇಲೆ ಹಲ್ಲೆ ನಡೆಸುವುದೂ, ಇವರ ವೇಷ ಧರಿಸಿ ವಂಚಿಸುವುದೂ ಪ್ರತ್ಯೇಕ ಅಪರಾಧಗಳೇ. ಇದಲ್ಲದೆ ಯಾವುದೇ ಸಾಮಾನ್ಯ ನಾಗರಿಕನಿಗೆ ಗಂಭೀರ ಅಪರಾಧದ ಸಂದರ್ಭದಲ್ಲಿ ಇರುವ ಬಂಧನದ ಸೀಮಿತ ಹಕ್ಕು ಇವರಿಗೂ ಇರುತ್ತದೆ. ಆದರೆ ಅದು ಹುದ್ದೆಯಿಂದ ಬಂದುದಲ್ಲ.

ಅದೇ ದೇಶದಲ್ಲಿ ಸ್ಪೆಷಲ್ ಕಾನ್‌ಸ್ಟೇಬಲ್ ಎಂಬ ಇನ್ನೊಂದು ವರ್ಗವಿದೆ. ಅವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಸ್ವಯಂಸೇವಕರು. ಅವರಿಗೆ ಕಾನ್‌ಸ್ಟೇಬಲ್‌ನ ಪೂರ್ಣ ಅಧಿಕಾರವಿದೆ. ಹೀಗೆ ಸಂಬಳವಿಲ್ಲದವನು ಬಂಧಿಸಬಲ್ಲ, ಸಂಬಳ ಪಡೆಯುವವನು ಬಂಧಿಸಲಾರ ಎಂಬ ವಿಚಿತ್ರ ಸನ್ನಿವೇಶ ಅಲ್ಲಿದೆ. ಎರಡು ಹುದ್ದೆಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಗತ್ಯಕ್ಕಾಗಿ ಹುಟ್ಟಿದ್ದರಿಂದ ಹೀಗಾಗಿದೆ.

ದಿನನಿತ್ಯದ ಕೆಲಸ

ಪಾಳಿಯು ಠಾಣೆಯಲ್ಲಿ ಹಿಂದಿನ ರಾತ್ರಿಯ ಘಟನೆಗಳ ವಿವರಣೆಯೊಂದಿಗೆ ಆರಂಭವಾಗುತ್ತದೆ. ಎಲ್ಲಿ ಕಳ್ಳತನವಾಯಿತು, ಯಾರು ಕಾಣೆಯಾಗಿದ್ದಾರೆ, ಯಾವ ಮನೆಯಿಂದ ಪದೇ ಪದೇ ಕರೆ ಬರುತ್ತಿದೆ ಎಂಬುದನ್ನು ಗುರುತು ಮಾಡಿಕೊಂಡು ಅಧಿಕಾರಿಯು ಬೀದಿಗಿಳಿಯುತ್ತಾನೆ. ಈ ಹುದ್ದೆಯಲ್ಲಿ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಾಮಾನ್ಯವಾಗಿ ನಡುರಾತ್ರಿಯ ನಂತರದ ಪಾಳಿ ಇವರಿಗೆ ಇರುವುದಿಲ್ಲ.

ಬೆಳಗಿನ ಹೊತ್ತು ಶಾಲೆಗಳ ಮುಂದೆ ನಿಲ್ಲಬೇಕಾಗುತ್ತದೆ. ಮಕ್ಕಳನ್ನು ಬಿಡಲು ಬಂದ ಪೋಷಕರು ಗೇಟಿನ ಮುಂದೆಯೇ ಕಾರು ನಿಲ್ಲಿಸುವುದು ಅಲ್ಲಿಯೂ ನಿತ್ಯದ ದೂರು. ಕೇಳಲು ಅಲ್ಪವೆನಿಸಿದರೂ, ನಿವಾಸಿಗಳ ಸಭೆಗಳಲ್ಲಿ ಕೇಳಿಬರುವ ಬೇಡಿಕೆಗಳು ಬಹುಮಟ್ಟಿಗೆ ಇಂತಹವೇ. ಕೊಲೆ, ದರೋಡೆಯ ತನಿಖೆಗೆ ಬೇರೆ ವಿಭಾಗವಿದೆ. ಆದರೆ ಬೀದಿ ಮೂಲೆಯಲ್ಲಿ ಸಂಜೆ ಗುಂಪುಗೂಡುವ ಹುಡುಗರು, ಮುರಿದ ಬೆಂಚು, ಉದ್ಯಾನದಲ್ಲಿ ಒಡೆದ ಬಾಟಲಿ ಇವುಗಳನ್ನು ವಿಚಾರಿಸುವವರು ಯಾರೂ ಇಲ್ಲವೆಂದಾದರೆ, ಜನರು ಪೊಲೀಸರಿಗೆ ಹೇಳುವುದನ್ನೇ ನಿಲ್ಲಿಸುತ್ತಾರೆ. ಸಣ್ಣದನ್ನು ಹೇಳಲು ನಿಲ್ಲಿಸಿದವರು ದೊಡ್ಡದನ್ನೂ ಹೇಳುವುದಿಲ್ಲ.

ಒಂದು ಮನೆಯಲ್ಲಿ ಕಳ್ಳತನವಾದರೆ ಮುಂದಿನ ಕೆಲವು ದಿನ, ವಾರಗಳಲ್ಲಿ ಅದೇ ಮನೆಗೆ ಮತ್ತು ಅಕ್ಕಪಕ್ಕದ ಮನೆಗಳಿಗೆ ಕಳ್ಳತನದ ಅಪಾಯ ಹೆಚ್ಚಿರುತ್ತದೆ ಎಂಬುದು ಅಪರಾಧಶಾಸ್ತ್ರದ ಅಧ್ಯಯನಗಳಿಂದ ದೃಢಪಟ್ಟಿರುವ ವಿಷಯ. ಆದುದರಿಂದ ಅನೇಕ ಪಡೆಗಳಲ್ಲಿ ಸಮುದಾಯ ಸಹಾಯಕ ಅಧಿಕಾರಿಯು ಕಳ್ಳತನವಾದ ಮನೆಯವರನ್ನು ಭೇಟಿ ಮಾಡಿದ ನಂತರ ಎಡಬಲದ, ಎದುರಿನ ಮನೆಗಳ ಬಾಗಿಲನ್ನೂ ತಟ್ಟಿ ಎಚ್ಚರಿಕೆ ಹೇಳುತ್ತಾನೆ. ಹಿತ್ತಲಿನ ಗೇಟಿಗೆ ಬೀಗವಿದೆಯೇ, ಕಿಟಕಿಯ ಚಿಲಕ ಸರಿಯಿದೆಯೇ ಎಂದು ನೋಡುತ್ತಾನೆ. ದಕ್ಷಿಣ ಏಷ್ಯಾ ಮೂಲದ ಕುಟುಂಬಗಳು ಮನೆಯಲ್ಲಿ ಚಿನ್ನ ಇಡುವುದು ಕಳ್ಳರಿಗೆ ತಿಳಿದಿರುವ ಸಂಗತಿಯಾದುದರಿಂದ, ದೀಪಾವಳಿಗೆ ಮುನ್ನ ಹಾಗೂ ಮದುವೆಯ ಋತುವಿನಲ್ಲಿ ಅಂತಹ ಬಡಾವಣೆಗಳಲ್ಲಿ ವಿಶೇಷ ಎಚ್ಚರಿಕೆ ನೀಡಲಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಒಂಟಿಯಾಗಿ ವಾಸಿಸುವ ವೃದ್ಧರ ಭೇಟಿ ಕೆಲಸದ ದೊಡ್ಡ ಭಾಗ. ತಾನು ಪೊಲೀಸ್ ಎಂದು ಹೇಳಿಕೊಂಡು ದೂರವಾಣಿ ಮಾಡಿ, ನಿಮ್ಮ ಬ್ಯಾಂಕ್ ಖಾತೆ ಅಪಾಯದಲ್ಲಿದೆ, ಕಾರ್ಡನ್ನು ನಮ್ಮವನೊಬ್ಬ ಬಂದು ಪಡೆದುಕೊಳ್ಳುತ್ತಾನೆ ಎಂದು ನಂಬಿಸುವ ವಂಚನೆ ಅಲ್ಲಿ ವ್ಯಾಪಕವಾಗಿದೆ. ನಮ್ಮಲ್ಲಿ ಡಿಜಿಟಲ್ ಅರೆಸ್ಟ್ ಹೆಸರಿನಲ್ಲಿ ನಡೆಯುತ್ತಿರುವ ವಂಚನೆಯ ಹತ್ತಿರದ ಸಂಬಂಧಿ ಇದು. ಭಿತ್ತಿಪತ್ರ ಅಂಟಿಸಿದರೆ ವೃದ್ಧರು ಓದುವುದು ಅಪರೂಪ. ತಿಂಗಳಿಗೊಮ್ಮೆಯಾದರೂ ಬಂದು ಕುಳಿತು ಒಂದು ಲೋಟ ಚಹಾ ಕುಡಿದು ಹೋಗುವ, ಮುಖ ಗೊತ್ತಿರುವ ವ್ಯಕ್ತಿ ಹೇಳಿದರೆ ಮಾತು ನಾಟುತ್ತದೆ. ಪೊಲೀಸರು ಎಂದೂ ಕಾರ್ಡ್ ಕೇಳುವುದಿಲ್ಲ ಎಂಬುದನ್ನು ಒಬ್ಬ ಪೊಲೀಸ್ ಸಿಬ್ಬಂದಿಯೇ ಎದುರು ಕುಳಿತು ಹೇಳಿದಾಗ ಮರೆಯುವುದು ಕಷ್ಟ.

ಬೀದಿಯನ್ನು ಬಲ್ಲವನಿಗೆ ಮಾತ್ರ ಕಾಣಿಸುವ ಅಪರಾಧಗಳೂ ಇವೆ. ಅವುಗಳಲ್ಲಿ ಒಂದಕ್ಕೆ ಇಂಗ್ಲೆಂಡ್‌ನಲ್ಲಿ ಕೋಗಿಲೆಯ ಹೆಸರಿಟ್ಟಿದ್ದಾರೆ. ಮಾದಕ ವಸ್ತು ಮಾರುವ ತಂಡದವರು ಮಾನಸಿಕ ಅಸ್ವಸ್ಥರು, ಅಂಗವಿಕಲರು ಅಥವಾ ವ್ಯಸನಿಗಳು ಒಂಟಿಯಾಗಿರುವ ಮನೆಯನ್ನು ಹುಡುಕಿ, ಮೊದಲು ಸ್ನೇಹ ಬೆಳೆಸಿ, ನಂತರ ಹೆದರಿಸಿ, ಆ ಮನೆಯಿಂದಲೇ ವ್ಯಾಪಾರ ನಡೆಸತೊಡಗುತ್ತಾರೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದನ್ನು ಬಲ್ಲ ನಮ್ಮ ಜನರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಯಜಮಾನ ದೂರು ಕೊಡುವುದಿಲ್ಲ, ಕೊಡಲಾರ. ನೆರೆಯವರು ಹೆದರಿ ಸುಮ್ಮನಿರುತ್ತಾರೆ. ಆದರೆ ಯಾವಾಗಲೂ ತೆರೆದಿರುತ್ತಿದ್ದ ಪರದೆ ಹಗಲಿನಲ್ಲಿಯೂ ಮುಚ್ಚಿರುವುದು, ಅಪರಿಚಿತ ಹುಡುಗರು ಐದೈದು ನಿಮಿಷಕ್ಕೆ ಬಂದು ಹೋಗುವುದು, ದಿನವೂ ಅಂಗಡಿಗೆ ಬರುತ್ತಿದ್ದ ಮನುಷ್ಯ ವಾರದಿಂದ ಕಾಣದಿರುವುದು ಇವು ಆ ಬೀದಿಯಲ್ಲಿ ಎರಡು ವರ್ಷ ನಡೆದವನಿಗೆ ತಟ್ಟನೆ ಗೊತ್ತಾಗುತ್ತವೆ. ಅವನು ಒಳನುಗ್ಗುವುದಿಲ್ಲ, ನುಗ್ಗುವ ಅಧಿಕಾರವೂ ಅವನಿಗಿಲ್ಲ. ಠಾಣೆಗೆ ಮರಳಿ ವರದಿ ಬರೆಯುತ್ತಾನೆ. ಶೋಧನಾ ವಾರಂಟ್ ಪಡೆದು ಬಾಗಿಲು ಒಡೆಯುವವರು ಬೇರೆಯವರು. ಮರುದಿನದ ಪತ್ರಿಕೆಯಲ್ಲಿ ಬರುವುದು ಆ ದಾಳಿಯ ಸುದ್ದಿಯೇ ಹೊರತು, ಮುಚ್ಚಿದ ಪರದೆಯನ್ನು ಗಮನಿಸಿದವನ ವಿಷಯವಲ್ಲ.

ಬಂಧನದ ಅಧಿಕಾರವಿಲ್ಲದಿರುವುದು ಇಲ್ಲಿ ಅನುಕೂಲವಾಗಿಯೂ ಪರಿಣಮಿಸಿದೆ. ಕಾನ್‌ಸ್ಟೇಬಲ್ ಒಬ್ಬನನ್ನು ಬಂಧಿಸಿದರೆ ಠಾಣೆಗೆ ಕರೆದೊಯ್ಯುವುದು, ದಾಖಲೆ ಬರೆಯುವುದು, ಹೇಳಿಕೆ ಸಿದ್ಧಪಡಿಸುವುದು ಇವುಗಳಲ್ಲಿಯೇ ಪಾಳಿಯ ಬಹುಭಾಗ ಮುಗಿಯುತ್ತದೆ. ಅಷ್ಟು ಹೊತ್ತು ಬೀದಿ ಖಾಲಿ. ಸಮುದಾಯ ಸಹಾಯಕ ಅಧಿಕಾರಿಗೆ ಈ ಸೆಳೆತವಿಲ್ಲ. ಅಲ್ಲದೆ, ತಮ್ಮನ್ನು ಹಿಡಿದೊಯ್ಯಲಾರ ಎಂದು ತಿಳಿದಿರುವ ಹುಡುಗರು ಇವನೊಡನೆ ಹೆಚ್ಚು ಸಲೀಸಾಗಿ ಮಾತನಾಡುವುದುಂಟು. ಅದೇ ಹುಡುಗರು ಅದೇ ಕಾರಣಕ್ಕೆ ಗೇಲಿಯನ್ನೂ ಮಾಡುತ್ತಾರೆ. ಪ್ಲಾಸ್ಟಿಕ್ ಪೊಲೀಸ್ ಎಂಬ ಅಡ್ಡಹೆಸರು ಈ ಸಿಬ್ಬಂದಿಗೆ ಮೊದಲ ದಿನಗಳಿಂದಲೂ ಅಂಟಿಕೊಂಡಿದೆ.

ಸಮವಸ್ತ್ರ ಮತ್ತು ಜನರ ನಿರೀಕ್ಷೆ

2007ರಲ್ಲಿ ವಾಯವ್ಯ ಇಂಗ್ಲೆಂಡ್‌ನ ವಿಗನ್ ಪಟ್ಟಣದ ಬಳಿ ಹತ್ತು ವರ್ಷದ ಬಾಲಕನೊಬ್ಬ ಕೆರೆಯಲ್ಲಿ ಮುಳುಗಿ ಮೃತಪಟ್ಟನು. ಸ್ಥಳಕ್ಕೆ ಬಂದ ಇಬ್ಬರು ಸಮುದಾಯ ಸಹಾಯಕ ಅಧಿಕಾರಿಗಳು ತಾವು ನೀರಿಗಿಳಿಯದೆ ವೈರ್‌ಲೆಸ್ ಮೂಲಕ ನೆರವು ಕೋರಿದ್ದರು. ಅವರು ತಲುಪುವ ವೇಳೆಗೆ ಬಾಲಕ ನೀರಿನಡಿ ಕಣ್ಮರೆಯಾಗಿದ್ದನೆಂದೂ, ಇಂತಹ ಸಂದರ್ಭಕ್ಕೆ ಅವರಿಗೆ ತರಬೇತಿ ಇರಲಿಲ್ಲವೆಂದೂ ಪೊಲೀಸರು ತಿಳಿಸಿದರು. ಸಾರ್ವಜನಿಕರು ಇದನ್ನು ಒಪ್ಪಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮರಣ ವಿಚಾರಣೆ ನಡೆದಾಗ ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ಆ ಇಬ್ಬರು ಏನು ಮಾಡಬಹುದಿತ್ತು ಎಂಬುದನ್ನು ದೂರದಿಂದ ತೀರ್ಮಾನಿಸುವುದು ಸಾಧುವಲ್ಲ. ಆದರೆ ಈ ದುರ್ಘಟನೆಯು ಹುದ್ದೆಯ ಒಂದು ಮೂಲಭೂತ ತೊಡಕನ್ನು ಹೊರಗೆಡವಿತು. ಸಮವಸ್ತ್ರವನ್ನು ಕಂಡವರು ಸಮವಸ್ತ್ರದಿಂದಲೇ ನೆರವು ನಿರೀಕ್ಷಿಸುತ್ತಾರೆ. ಆ ವ್ಯಕ್ತಿಗೆ ಯಾವ ಅಧಿಕಾರ, ಎಷ್ಟು ವಾರಗಳ ತರಬೇತಿ ಎಂಬ ವಿವರವನ್ನು ಸಂಕಟದಲ್ಲಿರುವವರು ಕೇಳುವುದಿಲ್ಲ.

ಇದಕ್ಕೆ ಪರಿಹಾರವಾಗಿ ಅಧಿಕಾರವನ್ನೂ ತರಬೇತಿಯನ್ನೂ ಹೆಚ್ಚಿಸುತ್ತ ಹೋಗಬೇಕೆಂಬ ವಾದವಿದೆ. ಹೆಚ್ಚಿಸುತ್ತ ಹೋದಂತೆ ಆ ಹುದ್ದೆ ಕಾನ್‌ಸ್ಟೇಬಲ್ ಹುದ್ದೆಯೇ ಆಗಿಬಿಡುತ್ತದೆ, ಬೀದಿ ಮತ್ತೆ ಖಾಲಿಯಾಗುತ್ತದೆ ಎಂಬುದು ಪ್ರತಿವಾದ. ಈ ಎರಡನೆಯ ವಾದಕ್ಕೆ ಪುಷ್ಟಿ ನೀಡುವ ಒಂದು ಪ್ರಯೋಗವನ್ನು ಇಲ್ಲಿ ಉಲ್ಲೇಖಿಸಬಹುದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಪೀಟರ್‌ಬರೋ ನಗರದಲ್ಲಿ ಅಪರಾಧ ಹೆಚ್ಚಿರುವ ತಾಣಗಳನ್ನು ಗುರುತಿಸಿ, ಚೀಟಿ ಎತ್ತಿದಂತೆ ಅವುಗಳಲ್ಲಿ ಕೆಲವನ್ನು ಆರಿಸಿ, ಅಲ್ಲಿಗೆ ಸಮುದಾಯ ಸಹಾಯಕ ಅಧಿಕಾರಿಗಳ ಹೆಚ್ಚುವರಿ ಗಸ್ತನ್ನು ಏರ್ಪಡಿಸಿದರು. ಉಳಿದ ತಾಣಗಳಲ್ಲಿ ಎಂದಿನಂತೆ ನಡೆಯಿತು. ಹೆಚ್ಚುವರಿ ಗಸ್ತು ದಿನಕ್ಕೆ ಸರಾಸರಿ 21 ನಿಮಿಷ ಮಾತ್ರ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ತಾಣಗಳಲ್ಲಿ ಸಂತ್ರಸ್ತರು ವರದಿ ಮಾಡಿದ ಅಪರಾಧಗಳು ಶೇಕಡ 39ರಷ್ಟು ಕಡಿಮೆಯಾದವು. ಒಮ್ಮೆಗೇ ದೀರ್ಘಕಾಲ ನಿಲ್ಲುವುದಕ್ಕಿಂತ, ಸ್ವಲ್ಪ ಹೊತ್ತಿಗಾದರೂ ಮೇಲಿಂದ ಮೇಲೆ ಬಂದುಹೋಗುವುದು ಹೆಚ್ಚು ಫಲಕಾರಿ ಎಂದೂ ಕಂಡುಬಂದಿತು. ಬಂಧಿಸಲಾರದ, ಆಯುಧವಿಲ್ಲದ ಸಿಬ್ಬಂದಿಯಿಂದ ಈ ಪರಿಣಾಮ ದೊರೆತಿರುವುದನ್ನು ಗಮನಿಸತಕ್ಕದ್ದು. ಒಂದು ನಗರದ ಪ್ರಯೋಗದಿಂದ ಎಲ್ಲ ಊರಿಗೂ ತೀರ್ಪು ನೀಡಲಾಗದು ಎಂಬುದೂ ನಿಜ. ಗುರಿಯಿಲ್ಲದೆ ಸುಮ್ಮನೆ ಸುತ್ತಾಡುವ ಗಸ್ತಿನಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಇತರ ಅಧ್ಯಯನಗಳು ಹೇಳಿವೆ.

ಹುದ್ದೆಗಳ ಸಂಖ್ಯೆ ಮತ್ತು ಹಣಕಾಸು

2010ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 16,900 ಸಮುದಾಯ ಸಹಾಯಕ ಅಧಿಕಾರಿಗಳಿದ್ದರು. 2023ರ ವೇಳೆಗೆ ಈ ಸಂಖ್ಯೆ ಅದರ ಅರ್ಧದಷ್ಟಕ್ಕೆ ಇಳಿಯಿತು. ಇದಕ್ಕೆ ಕಾರಣ ಅಪರಾಧದ ಅಂಕಿ-ಅಂಶಗಳಲ್ಲಿ ಅಲ್ಲ, ಲೆಕ್ಕಪತ್ರದಲ್ಲಿ ಸಿಗುತ್ತದೆ.

ಮೊದಲ ವರ್ಷಗಳಲ್ಲಿ ಈ ಹುದ್ದೆಗಳಿಗೆ ಕೇಂದ್ರ ಸರ್ಕಾರವು ಪ್ರತ್ಯೇಕ ನಿಧಿಯನ್ನು ನೀಡುತ್ತಿದ್ದಿತು. ಆ ಹಣವನ್ನು ಬೇರೆ ಬಾಬ್ತಿಗೆ ಬಳಸುವಂತಿರಲಿಲ್ಲ. 2010ರ ವೆಚ್ಚ ಪರಿಶೀಲನೆಯಲ್ಲಿ ಪೊಲೀಸರಿಗೆ ನೀಡುವ ಕೇಂದ್ರದ ಅನುದಾನವನ್ನು ನಾಲ್ಕು ವರ್ಷಗಳಲ್ಲಿ, ಬೆಲೆಯೇರಿಕೆಯನ್ನು ಲೆಕ್ಕ ಹಿಡಿದು, ಶೇಕಡ 20ರಷ್ಟು ಕಡಿತಗೊಳಿಸಲಾಯಿತು. 2012ರ ನವೆಂಬರ್‌ನಲ್ಲಿ ಚುನಾಯಿತ ಪೊಲೀಸ್ ಮತ್ತು ಅಪರಾಧ ಕಮಿಷನರ್‌ಗಳು ಅಧಿಕಾರಕ್ಕೆ ಬಂದ ಆಸುಪಾಸಿನಲ್ಲಿ ಪ್ರತ್ಯೇಕ ನಿಧಿಯನ್ನು ಸಾಮಾನ್ಯ ಅನುದಾನದೊಳಗೆ ಸೇರಿಸಲಾಯಿತು. ಆಯವ್ಯಯದ ಕೆಲಸ ಬಲ್ಲವರಿಗೆ ಇದರ ಪರಿಣಾಮ ತಿಳಿದದ್ದೇ. ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರುವವರೆಗೆ ಹುದ್ದೆ ಉಳಿಯುತ್ತದೆ, ಶೀರ್ಷಿಕೆ ವಿಲೀನವಾದ ಮೇಲೆ ಪ್ರತಿ ವರ್ಷವೂ ಅದು ಇತರ ಬೇಡಿಕೆಗಳೊಡನೆ ಪೈಪೋಟಿ ನಡೆಸಬೇಕಾಗುತ್ತದೆ.

ಎರಡನೆಯ ಕಾರಣ ಸೇವಾ ಸ್ಥಾನಮಾನಕ್ಕೆ ಸಂಬಂಧಿಸಿದ್ದು. ಬ್ರಿಟನ್ನಿನ ಕಾನೂನಿನಲ್ಲಿ ಕಾನ್‌ಸ್ಟೇಬಲ್ ಎಂಬುವನು ನೌಕರನಲ್ಲ, ಪ್ರಮಾಣವಚನ ಸ್ವೀಕರಿಸಿದ ಪದಾಧಿಕಾರಿ. ಹುದ್ದೆ ಹೆಚ್ಚಾಯಿತೆಂಬ ಕಾರಣ ನೀಡಿ ಅವನನ್ನು ತೆಗೆದುಹಾಕುವಂತಿಲ್ಲ. ಸಮುದಾಯ ಸಹಾಯಕ ಅಧಿಕಾರಿಯಾದರೋ ಪಡೆಯ ನೌಕರ. ಅವನನ್ನು ಪರಿಹಾರ ನೀಡಿ ಸೇವೆಯಿಂದ ಬಿಡುಗಡೆಗೊಳಿಸಬಹುದು. ಹಣ ಕಡಿಮೆಯಾದಾಗ ಯಾರನ್ನು ತೆಗೆಯುವುದು ಎಂಬ ಪ್ರಶ್ನೆಗೆ ಉತ್ತರ ಹೀಗೆ ಮೊದಲೇ ಸಿದ್ಧವಾಗಿತ್ತು. 2019ರಿಂದ 2023ರವರೆಗೆ 20,000 ಹೆಚ್ಚುವರಿ ಪೊಲೀಸರನ್ನು ನೇಮಿಸುವ ಕಾರ್ಯಕ್ರಮ ಕೈಗೊಂಡಾಗಲೂ ಎಣಿಕೆಗೆ ಬಂದವರು ಕಾನ್‌ಸ್ಟೇಬಲ್‌ಗಳೇ. ಆ ಅವಧಿಯಲ್ಲಿ ಒಂದು ಸಂಖ್ಯೆ ಏರಿದಂತೆ ಇನ್ನೊಂದು ಇಳಿಯಿತು. ಪೂರ್ವ ಇಂಗ್ಲೆಂಡ್‌ನ ನಾರ್ಫೋಕ್ ಪಡೆಯು 2018ರಲ್ಲಿ ತನ್ನ ಸುಮಾರು 150 ಸಮುದಾಯ ಸಹಾಯಕ ಹುದ್ದೆಗಳನ್ನೂ ಪೂರ್ಣವಾಗಿ ರದ್ದುಗೊಳಿಸಿತು. ಹಾಗೆ ಮಾಡಿದ ಮೊದಲ ಪಡೆ ಅದು. ಅದೇ ಹಣದಿಂದ ಪೂರ್ಣ ಅಧಿಕಾರವುಳ್ಳ ಪೊಲೀಸರನ್ನು ನೇಮಿಸಿಕೊಳ್ಳುವುದಾಗಿ ಪಡೆಯು ತಿಳಿಸಿತ್ತು. ವೇಲ್ಸ್‌ನಲ್ಲಿ ಮಾತ್ರ ಬೇರೆ ದಾರಿ ಹಿಡಿಯಲಾಯಿತು. ಪೊಲೀಸ್ ವಿಷಯವು ತನ್ನ ಅಧಿಕಾರ ವ್ಯಾಪ್ತಿಗೆ ಒಳಪಡದಿದ್ದರೂ, ವೇಲ್ಸ್ ಸರ್ಕಾರವು 2011ರಲ್ಲಿ ತೀರ್ಮಾನಿಸಿ ತನ್ನದೇ ಹಣದಿಂದ 500 ಹೆಚ್ಚುವರಿ ಹುದ್ದೆಗಳಿಗೆ ನೆರವು ನೀಡಿತು. ಸ್ಕಾಟ್ಲೆಂಡ್‌ನಲ್ಲಿ ಈ ಹುದ್ದೆ ಎಂದೂ ಇರಲಿಲ್ಲ.

ಈ ಹುದ್ದೆಯ ಬೆಲೆಯನ್ನು ದಾಖಲೆಯಲ್ಲಿ ತೋರಿಸುವುದು ಸುಲಭವಲ್ಲ. ಬಂಧನ, ಆರೋಪಪಟ್ಟಿ, ಶಿಕ್ಷೆ ಇವುಗಳಿಗೆ ಅಂಕಣಗಳಿವೆ. ವಂಚಕನಿಗೆ ಕಾರ್ಡ್ ಕೊಡದೆ ಉಳಿದ ವೃದ್ಧೆ, ನೆರೆಮನೆಯಲ್ಲಿ ನಡೆಯದೆ ಹೋದ ಕಳ್ಳತನ ಇವುಗಳಿಗೆ ಯಾವ ವಹಿಯಲ್ಲಿಯೂ ಅಂಕಣವಿಲ್ಲ. ಹುದ್ದೆ ರದ್ದಾದ ಕೂಡಲೇ ಏನೂ ಆಗುವುದಿಲ್ಲ. ಎರಡು ಮೂರು ವರ್ಷಗಳ ನಂತರ ಬಡಾವಣೆಯ ಬಗ್ಗೆ ಬಲ್ಲವರು ಠಾಣೆಯಲ್ಲಿ ಯಾರೂ ಇಲ್ಲವೆಂಬುದು ಗೊತ್ತಾಗುತ್ತದೆ. 2025ರಲ್ಲಿ ಬ್ರಿಟನ್ ಸರ್ಕಾರವು 2029ರೊಳಗೆ ಸ್ಥಳೀಯ ಪೊಲೀಸ್ ತಂಡಗಳಿಗೆ ಕಾನ್‌ಸ್ಟೇಬಲ್, ಸಮುದಾಯ ಸಹಾಯಕ ಅಧಿಕಾರಿ ಹಾಗೂ ಸ್ಪೆಷಲ್ ಕಾನ್‌ಸ್ಟೇಬಲ್ ಎಲ್ಲರೂ ಸೇರಿ 13,000 ಜನರನ್ನು ಹೆಚ್ಚುವರಿಯಾಗಿ ಒದಗಿಸುವುದಾಗಿ ಪ್ರಕಟಿಸಿತು.

ನಮ್ಮ ರಾಜ್ಯದ ಬೀಟ್ ವ್ಯವಸ್ಥೆ

ಊರಿನ ಪ್ರತಿ ಮನೆಯನ್ನೂ ಬಲ್ಲ ಕಾವಲುಗಾರ ನಮ್ಮ ನಾಡಿಗೆ ಹೊಸಬನಲ್ಲ. ತಳವಾರ, ತೋಟಿ ಮುಂತಾದ ಗ್ರಾಮ ಹುದ್ದೆಗಳವರು ಊರಿಗೆ ಬಂದ ಹೊಸಬರನ್ನು, ಸಂತೆಯಲ್ಲಿ ನಡೆದ ಜಗಳವನ್ನು ಮೇಲಿನವರಿಗೆ ತಿಳಿಸುತ್ತಿದ್ದರು. ಆ ಹುದ್ದೆಗಳು ವಂಶಪಾರಂಪರ್ಯವಾಗಿ, ಜಾತಿಗೆ ಕಟ್ಟುಬಿದ್ದಂತಹವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದ ಮೂಲಕ ಅವು ಕೊನೆಗೊಂಡುದು ಸರಿಯೇ ಆಯಿತು. ಆದರೆ ಅವರಲ್ಲಿದ್ದ ಸ್ಥಳೀಯ ತಿಳಿವಳಿಕೆಯ ಜಾಗವನ್ನು ಪೊಲೀಸ್ ಠಾಣೆಯೇ ತುಂಬಬೇಕಾಯಿತು.

2017ರಲ್ಲಿ ರಾಜ್ಯ ಪೊಲೀಸ್ ಇಲಾಖೆಯು ಸುಧಾರಿತ ಬೀಟ್ ವ್ಯವಸ್ಥೆಯನ್ನು ಜಾರಿಗೊಳಿಸಿ, ಠಾಣಾ ವ್ಯಾಪ್ತಿಯನ್ನು ಬೀಟ್‌ಗಳಾಗಿ ವಿಂಗಡಿಸಿ, ಒಂದೊಂದು ಬೀಟ್‌ನ ಹೊಣೆಯನ್ನು ಒಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್‌ಗೆ ವಹಿಸಿತು. ಬೀಟ್ ಮಟ್ಟದಲ್ಲಿ ನಾಗರಿಕರ ಸಮಿತಿಗಳನ್ನೂ ರಚಿಸಲಾಯಿತು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮಕ್ಕೆ ಚಾಲನೆ ನೀಡಲಾಗಿದ್ದು, ಬೀಟ್ ಸಿಬ್ಬಂದಿಯು ತಮ್ಮ ವ್ಯಾಪ್ತಿಯ ಮನೆಗಳಿಗೆ ತಾವಾಗಿಯೇ ಭೇಟಿ ನೀಡಿ ಕುಂದುಕೊರತೆ ವಿಚಾರಿಸುವುದು ಇದರ ಉದ್ದೇಶವಾಗಿದೆ. ಇಂಗ್ಲೆಂಡ್‌ನ ವ್ಯವಸ್ಥೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಮನೆ ಬಾಗಿಲಿಗೆ ಬರುವವನು ಪೂರ್ಣ ಅಧಿಕಾರವುಳ್ಳ ಪೊಲೀಸ್. ಇದರಿಂದ ದೂರನ್ನು ನೇರವಾಗಿ ಕ್ರಮಕ್ಕೆ ಒಯ್ಯಬಹುದೆಂಬ ಅನುಕೂಲವಿದೆ. ಅದೇ ಸಿಬ್ಬಂದಿಯು ಬಂದೋಬಸ್ತು, ನ್ಯಾಯಾಲಯದ ಕೆಲಸ, ಸಮನ್ಸ್ ಜಾರಿ, ಗಣ್ಯರ ಭದ್ರತೆಗೂ ಹೋಗಬೇಕಾದುದರಿಂದ ಬೀಟ್‌ಗೆ ಸಿಗುವ ಸಮಯ ಕಡಿಮೆಯಾಗುವ ಅನಾನುಕೂಲವೂ ಇದೆ. ಬೀಟ್ ಸಿಬ್ಬಂದಿಯ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ನಿವಾಸಿಗಳು ತಮ್ಮ ಠಾಣೆಯಲ್ಲಿ ವಿಚಾರಿಸಿ ತಿಳಿದುಕೊಂಡಿರುವುದು ಸೂಕ್ತ. ತುರ್ತು ಸಂದರ್ಭಗಳಲ್ಲಿ ಮಾತ್ರ ಬೀಟ್ ಸಿಬ್ಬಂದಿಗಾಗಿ ಕಾಯದೆ 112ಕ್ಕೆ ಕರೆ ಮಾಡತಕ್ಕದ್ದು.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ತೆರಳುವವರ ಗಮನಕ್ಕೆ

ಸಮುದಾಯ ಸಹಾಯಕ ಅಧಿಕಾರಿಯು ಹೆಸರು, ವಿಳಾಸ ಕೇಳಿದಾಗ ಸರಿಯಾದ ವಿವರ ನೀಡುವುದು ಒಳಿತು. ಅವರಿಗೆ ಯಾವ ಅಧಿಕಾರಗಳನ್ನು ವಹಿಸಲಾಗಿದೆ ಎಂಬುದರ ಗುರುತಿನ ದಾಖಲೆಯನ್ನು ತೋರಿಸುವಂತೆ ಕೇಳುವ ಹಕ್ಕು ಸಂಬಂಧಪಟ್ಟ ವ್ಯಕ್ತಿಗೆ ಇರುತ್ತದೆ. ಸ್ಥಳದಲ್ಲಿಯೇ ನಗದು ಕೊಡುವಂತೆ ಯಾರಾದರೂ ಕೇಳಿದಲ್ಲಿ ಅಂತಹವರು ವಂಚಕರೆಂದು ಭಾವಿಸತಕ್ಕದ್ದು. ದಂಡದ ಚೀಟಿ ನೀಡಿದರೂ ಹಣವನ್ನು ಅಧಿಕಾರಿಯ ಕೈಗೆ ಕೊಡುವ ಪದ್ಧತಿ ಇಲ್ಲ. ಬಾಡಿಗೆ ಮನೆಯ ಸುತ್ತ ಅನುಮಾನಾಸ್ಪದ ಚಲನವಲನ, ಜನಾಂಗೀಯ ನಿಂದನೆ, ಸೈಕಲ್ ಕಳವು ಮುಂತಾದ, ಕೂಡಲೇ ಅಪಾಯವಿಲ್ಲದ ವಿಷಯಗಳಿಗೆ 101 ಸಂಖ್ಯೆಗೂ, ಪ್ರಾಣಾಪಾಯ ಅಥವಾ ನಡೆಯುತ್ತಿರುವ ಅಪರಾಧಕ್ಕೆ 999 ಸಂಖ್ಯೆಗೂ ಕರೆ ಮಾಡಬೇಕು. ಅಲ್ಲಿ ಅನಿರ್ಬಂಧಿತವಾಗಿ ನೆಲೆಸುವ ಮತ್ತು ಉದ್ಯೋಗ ಮಾಡುವ ಹಕ್ಕು ಪಡೆದಿರುವ ಭಾರತೀಯ ಮೂಲದವರು ಈ ಹುದ್ದೆಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ವಿದ್ಯಾರ್ಥಿ ವೀಸಾದ ಮೇಲೆ ತೆರಳಿರುವವರಿಗೆ ಈ ಅವಕಾಶವಿರುವುದಿಲ್ಲ. ಪೂರ್ವಾಪರ ಪರಿಶೀಲನೆಯ ಸಲುವಾಗಿ ಅಭ್ಯರ್ಥಿಗಳು ಆ ದೇಶದಲ್ಲಿ ಕೆಲವು ವರ್ಷ ನೆಲೆಸಿರಬೇಕೆಂಬ ಷರತ್ತೂ ಸಾಮಾನ್ಯವಾಗಿ ಇದ್ದು, ವಯೋಮಿತಿ, ವೇತನ ಮತ್ತು ತರಬೇತಿಯ ವಿವರಗಳನ್ನು ಆಯಾ ಪೊಲೀಸ್ ಪಡೆಯ ನೇಮಕಾತಿ ಪ್ರಕಟಣೆಯಲ್ಲಿ ನೋಡಬಹುದಾಗಿದೆ.